ಅಬುಧಾಬಿಯ ಎಂಟು ಲಾಗ್‌ಬುಕ್‌ಗಳು

ನನ್ನನ್ನು ಆ ಕೆಲಸಕ್ಕೆ ಆರಿಸಿದ್ದು ನಾನು ದೊಡ್ಡ ಡಾಕ್ಟರು ಎಂದಲ್ಲ. ನನಗೆ ಪಟ್ಟಿ ಮಾಡುವ ಚಟ ಇತ್ತು, ಅದಕ್ಕೆ. ದುಬೈನ ನಮ್ಮ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾವ ಟ್ರಾಲಿಯಲ್ಲಿ ಯಾವ ಸೂಜಿ ಇರಬೇಕು, ಎಷ್ಟಿರಬೇಕು, ಅದನ್ನು ಯಾರು ಎಣಿಸಬೇಕು ಎಂದು ಗೋಡೆಗೆಲ್ಲ ಪಟ್ಟಿ ಅಂಟಿಸಿದವಳು ನಾನು. ಬೆನ್ನ ಹಿಂದೆ ನನಗೆ ‘ಪಟ್ಟಿ ಮೇಡಂ’ ಎಂದು ಹೆಸರಿತ್ತು. ಎದುರಿಗೇ ಕರೆದಿದ್ದರೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಒಳಗೊಳಗೆ ಬೀಗುತ್ತಿದ್ದೆ.

ಮೆಟ್ರೋ ಬರುವುದಕ್ಕೂ ಮುಂಚಿನ ದುಬೈ ಅದು. ವಾರದ ರಜೆ ಇನ್ನೂ ಗುರುವಾರ, ಶುಕ್ರವಾರ ಇತ್ತು. ನಮ್ಮ ಆಸ್ಪತ್ರೆಯ ಮಾಲೀಕರದ್ದೇ ಇನ್ನೊಂದು ಆಸ್ಪತ್ರೆ ಅಬುಧಾಬಿಯಲ್ಲಿತ್ತು. ಎರಡೂ ಕಡೆ ಫಿಸಿಷಿಯನ್ ಅಸಿಸ್ಟೆಂಟ್‌ಗಳಿಗೆ ತುರ್ತು ಚಿಕಿತ್ಸೆಯ ಒಂದು ವರ್ಷದ ರೆಸಿಡೆನ್ಸಿ ಶುರು ಮಾಡಿದ್ದರು. ಈ ಅಸಿಸ್ಟೆಂಟ್‌ಗಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಾಕ್ಟರ ಕೈಕೆಳಗೆ ಹೊಲಿಗೆ ಹಾಕುವುದು, ಜಾರಿದ ಮೂಳೆ ಕೂರಿಸುವುದು, ಉಸಿರು ಕಟ್ಟಿದವರ ಗಂಟಲಿಗೆ ಕೊಳವೆ ಇಳಿಸುವುದು, ಇಂಥ ಕೆಲಸಗಳಿಗೆಂದೇ ತಯಾರಾಗುವವರು. ಒಂದು ವರ್ಷ ಅರೆ ಸಂಬಳದಲ್ಲಿ ದುಡಿದು ತರಬೇತಿ ಮುಗಿಸಿದರೆ ಕಾಯಂ ಕೆಲಸ, ಮುಗಿಸದಿದ್ದರೆ ವೀಸಾ ಕ್ಯಾನ್ಸಲ್. ಕರಾರು ಅಷ್ಟೇ.

ಮೊದಲ ತಂಡದ ವರ್ಷ ಮುಗಿಯುತ್ತ ಬಂದಾಗ, ಎರಡೂ ಆಸ್ಪತ್ರೆಗಳ ಮೇಲಿದ್ದ ಮೆಡಿಕಲ್ ಡೈರೆಕ್ಟರ್ ಮೌಲ್ಯಮಾಪನ ಆಗಬೇಕೆಂದರು. ಅದು ಮುಗಿದರೆ ಇನ್ನೂ ದೊಡ್ಡ ತಂಡವನ್ನು ಕರೆಸುವ ಯೋಚನೆ ಅವರದು. ಅಬುಧಾಬಿಯ ಕಾರ್ಯಕ್ರಮವನ್ನು ನಾನು ನೋಡುವುದು, ದುಬೈನದನ್ನು ಅಬುಧಾಬಿಯ ಮುಖ್ಯಸ್ಥ ನೋಡುವುದು ಎಂದು ತೀರ್ಮಾನವಾಯಿತು. ಅಳತೆಗೋಲು ಮೊದಲೇ ಇತ್ತು. ತರಬೇತಿ ಶುರುವಾಗುವಾಗಲೇ ನಾನು ಒಂದು ಪಟ್ಟಿ ಬರೆದುಕೊಟ್ಟಿದ್ದೆ. ಪ್ರತಿಯೊಂದು ವಿಧಾನವನ್ನೂ ಅಭ್ಯರ್ಥಿ ತನ್ನ ಕೈಯಾರೆ ಕನಿಷ್ಠ ಇಷ್ಟು ಸಲ ಮಾಡಿರಬೇಕು, ಉಸಿರಿನ ಕೊಳವೆಯನ್ನಂತೂ ಇಪ್ಪತ್ತು ಸಲ ಎಂದು. ಇಪ್ಪತ್ತೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಹದಿನೆಂಟಕ್ಕಿಂತ ಇಪ್ಪತ್ತು ಪಟ್ಟಿಯಲ್ಲಿ ಚೆನ್ನಾಗಿ ಕಂಡಿತು, ಬರೆದೆ.

ಮೊದಲ ಸಲ ಹೋದದ್ದು ಒಂದು ಬುಧವಾರ, ಆಸ್ಪತ್ರೆಯ ವ್ಯಾನಿನಲ್ಲಿ. ಕಾರ್ಯಕ್ರಮದ ಮುಖ್ಯಸ್ಥ ದೆಹಲಿ ಕಡೆಯವರು. ದೊಡ್ಡ ಮೈ, ದೊಡ್ಡ ನಗು, ಮಾತಿಗೊಮ್ಮೆ ಮೇಜು ತಟ್ಟುವ ಅಭ್ಯಾಸ.

“ಬನ್ನಿ ಡಾಕ್ಟರ್ ಸಾಹಿಬಾ,” ಎಂದರು. “ನಿಮ್ಮ ದುಬೈಯವರನ್ನು ನಾನು ಹೋದ ವಾರವೇ ಪಾಸು ಮಾಡಿಬಿಟ್ಟೆ. ಒಂದು ಗಂಟೆ ಹಿಡಿಯಿತು ಅಷ್ಟೇ. ಯಲ್ಲಾ, ಬೇಗ ನೀವೂ ಮುಗಿಸಿ. ಒಳ್ಳೆ ಮೀನು ಊಟ ಸಿಗುವ ಜಾಗ ಗೊತ್ತು ನನಗೆ.”

ನಾನು ಮೀನು ತಿನ್ನುವುದಿಲ್ಲ ಎಂದೆ. ಅದು ಅವರಿಗೆ ಅರ್ಥವಾಗಬೇಕಾದ ಹಾಗೆಯೇ ಅರ್ಥವಾಯಿತು, ನಗು ಸ್ವಲ್ಪ ಚಿಕ್ಕದಾಯಿತು.

ಅವತ್ತು ಮಧ್ಯಾಹ್ನ ಮೂರಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪ್ರತಿ ತರಬೇತಿಯವರಿಗೂ ಒಂದು ದಪ್ಪ ಲಾಗ್‌ಬುಕ್ ಇತ್ತು. ಯಾವ ದಿನ, ಯಾವ ನಂಬರಿನ ರೋಗಿಗೆ, ಏನು ಮಾಡಿದೆ ಎಂದು ಬರೆಯಬೇಕು. ಪಕ್ಕದಲ್ಲಿ ಎರಡು ಅಂಕಣ, ‘ನೋಡಿದೆ’, ‘ಮಾಡಿದೆ’. ಕೊನೆಯಲ್ಲಿ ಮೇಲಿನ ಡಾಕ್ಟರ ಸಹಿ. ರಜೆಗೆ ಮುಂಚಿನ ಬುಧವಾರ ಎಂಟೂ ಲಾಗ್‌ಬುಕ್‌ಗಳು ಮುಖ್ಯಸ್ಥರ ಮೇಜಿಗೆ ಬರುತ್ತಿದ್ದವು. ಅವರು ಎಡಗೈಯಲ್ಲಿ ಚಹಾ ಹಿಡಿದುಕೊಂಡು ಬಲಗೈಯಿಂದ ಸಹಿ ಹಾಕುತ್ತ ಹೋಗುತ್ತಿದ್ದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಪುಟ ತಿರುವಿ ಕೊಡುತ್ತಿದ್ದರು. ಮಲಯಾಳಿ ಹೆಂಗಸು, ಇಪ್ಪತ್ತು ವರ್ಷದಿಂದ ಗಲ್ಫಿನಲ್ಲಿದ್ದವರು, ಕೆಲಸದಲ್ಲಿ ಬಲು ಚುರುಕು. ಚಹಾ ಮುಗಿಯುವುದರೊಳಗೆ ಎಂಟು ಜನರ ಒಂದು ವಾರದ ಬದುಕಿಗೆ ಸಹಿ ಬಿದ್ದು ಮುಗಿದಿತ್ತು. ಮುಖ್ಯಸ್ಥರು ಒಂದು ಸಾಲನ್ನೂ ಓದಲಿಲ್ಲ. ಅದು ಓದಬೇಕಾದದ್ದು ಎಂಬ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋದೆ. ತುರ್ತು ವಿಭಾಗದ ರಿಜಿಸ್ಟರ್ ಒಂದು ಕಡೆ, ಎಂಟು ಲಾಗ್‌ಬುಕ್ ಇನ್ನೊಂದು ಕಡೆ ಇಟ್ಟುಕೊಂಡು ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಕೂತೆ. ರೋಗಿಯ ನಂಬರು ಹಿಡಿದು ಒಂದೊಂದೇ ತಾಳೆ ನೋಡುವುದು. ಬೇಸರದ ಕೆಲಸ ಎನ್ನುತ್ತಾರೆ. ನನಗೆ ಅದರಲ್ಲಿ ಬೇಟೆಯಾಡುವ ಖುಷಿ. ಮಧ್ಯಾಹ್ನದ ಹೊತ್ತಿಗೆ ಬೇಟೆ ಸಿಕ್ಕಿತು. ಕಟ್ಟಡದ ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದ ಕಾರ್ಮಿಕನೊಬ್ಬನ ಗಂಟಲಿಗೆ ಒಂದೇ ದಿನ, ಒಂದೇ ಹೊತ್ತಿಗೆ, ನಾಲ್ಕು ಜನ ಕೊಳವೆ ಇಳಿಸಿದ್ದರು. ನಾಲ್ಕು ಲಾಗ್‌ಬುಕ್‌ಗಳಲ್ಲೂ ‘ಮಾಡಿದೆ’ ಎಂಬಲ್ಲಿ ಗುರುತು, ನಾಲ್ಕಕ್ಕೂ ಮುಖ್ಯಸ್ಥರ ಸಹಿ. ರಿಜಿಸ್ಟರಿನ ಪ್ರಕಾರ ಕೊಳವೆ ಹಾಕಿದ್ದು ಅರಿವಳಿಕೆಯ ಡಾಕ್ಟರು. ಆ ಬಡಪಾಯಿ ಬದುಕಿದನೋ ಇಲ್ಲವೋ ಯಾರ ಪುಸ್ತಕದಲ್ಲೂ ಇರಲಿಲ್ಲ, ಅದಕ್ಕೆ ಅಂಕಣ ಇರಲಿಲ್ಲ.

ಸಂಜೆಯೊಳಗೆ ಅಂಥವು ಇನ್ನೂ ಸಿಕ್ಕವು. ಅಷ್ಟರಲ್ಲಿ ನೋಡಿದ ಏಳು ಜನರೂ ಉಸಿರಿನ ಕೊಳವೆಯಲ್ಲಿ ಇಪ್ಪತ್ತು ದಾಟಿದ್ದರು. ಐದು ಜನ ಕೇರಳದವರು, ಇಬ್ಬರು ಫಿಲಿಪೈನ್ಸಿನವರು. ಕೆಟ್ಟವರೇನಲ್ಲ. ಊರಿನಲ್ಲಿ ಅವರಿಗೂ ಮನೆಮಂದಿ ಇದ್ದರು, ನನ್ನ ‘ಇಪ್ಪತ್ತು’ ಅವರ ಕಿವಿಗೂ ಬಿದ್ದಿತ್ತು. ರೋಗಿಯ ಕೈ ಹಿಡಿದುಕೊಂಡವನೂ, ಲೈಟು ಹಿಡಿದುಕೊಂಡವಳೂ, ಪರದೆಯಾಚೆ ನಿಂತು ಇಣುಕಿದವನೂ ‘ಮಾಡಿದೆ’ ಎಂದು ಬರೆದುಕೊಂಡಿದ್ದರು.

ಎಂಟನೆಯ ಪುಸ್ತಕ ತೆರೆದಾಗ ಕಣ್ಣು ಉಜ್ಜಿಕೊಂಡೆ. ಉಸಿರಿನ ಕೊಳವೆ, ಮಾಡಿದ್ದು ಮೂರು. ಇಡೀ ವರ್ಷಕ್ಕೆ ಮೂರು. ಉಳಿದದ್ದೆಲ್ಲ ‘ನೋಡಿದೆ’. ಪುಟದಂಚಿನಲ್ಲಿ ಅಲ್ಲಲ್ಲಿ ಸಣ್ಣ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ, ಕನ್ನಡ.

‘ಇವತ್ತು ಟ್ಯೂಬ್ ಶ್ವಾಸನಾಳ ಬಿಟ್ಟು ಹೊಟ್ಟೆಗೆ ಹೋಯಿತು. ಹಾಕಿದ್ದು ನಾನೇ. ಹೊಟ್ಟೆ ಮೇಲೆ ಸ್ಟೆತ್ ಇಟ್ಟಾಗ ಗುಳುಗುಳು ಕೇಳಿಸಿತು, ಕೂಡಲೇ ತೆಗೆದೆ. ದೊಡ್ಡ ಡಾಕ್ಟ್ರು ಫೋನಿನಲ್ಲಿ ಇದ್ದರು.’

ಇನ್ನೊಂದು ಕಡೆ, ‘ಕಲಿಸುವವರು ಯಾರೂ ಇಲ್ಲ. ಮಾಡಿದೆ ಅಂತ ಬರೆ ಅನ್ನುತ್ತಾರೆ. ಬರೆದರೆ ನಾಳೆ ಒಬ್ಬಳೇ ಮಾಡಬೇಕಾಗುತ್ತದೆ.’

ಹನ್ನೊಂದು ವರ್ಷದಿಂದ ಆಸ್ಪತ್ರೆಯ ಕಾಗದಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಒಂದು ಸತ್ಯವಾದ ಸಾಲು ಸಿಕ್ಕಿದ್ದು ಅದೇ ಮೊದಲು. ಅದೂ ನನ್ನ ಭಾಷೆಯಲ್ಲಿ. ನನಗೆ ಕುಣಿಯುವಷ್ಟು ಖುಷಿಯಾಯಿತು. ಬರೆದವಳ ಪಾಡೇನು ಎಂದು ಯೋಚಿಸುವುದಕ್ಕೂ ಮುಂಚೆ ಖುಷಿಯಾಯಿತು ಎನ್ನುವುದನ್ನು ಇಲ್ಲಿ ಬರೆದಿಡಬೇಕು.

ಅವಳನ್ನು ಕರೆಸಿದೆ. ಕಾರ್ಕಳ ಕಡೆಯವಳು, ಮೂವತ್ತು ಆಗಿರಬಹುದು. ಮಂಗಳೂರಿನಲ್ಲಿ ಹೃದಯದ ಆಪರೇಶನ್ ಥಿಯೇಟರಿನಲ್ಲಿ ಕೆಲಸ ಮಾಡಿ ಬಂದವಳು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಮುಖ ಬಿಳಿಚಿಕೊಂಡಿತು.

“ನೀವು ಕನ್ನಡದವರಾ ಮೇಡಂ? ಅಯ್ಯೋ ದೇವರೇ. ನಾನು ಯಾರಿಗೂ ಓದ್ಲಿಕ್ಕೆ ಬರುದಿಲ್ಲ ಅಂತ ಬರ್ದದ್ದು. ಅಳಿಸಿ ಬಿಡ್ತೇನೆ.”

“ಅಳಿಸಬೇಡ. ಮೂರೇ ಯಾಕೆ ಬರೆದೆ? ಉಳಿದವರ ಹಾಗೆ ಬರೆಯಬಹುದಿತ್ತಲ್ಲ?”

“ಮಾಡದ್ದನ್ನ ಮಾಡಿದೆ ಅಂತ ಹೇಗೆ ಬರಿಯುದು ಮೇಡಂ? ಮಂಗ್ಳೂರಲ್ಲಿ ನಮ್ಮ ಸರ್ಜನ್ ಹಾಗೆ ಮಾಡಿದ್ರೆ ಪುಸ್ತಕ ಬಿಸಾಡ್ತಿದ್ರು. ಅದೇ ಅಭ್ಯಾಸ.” ಆಮೇಲೆ ಕೇಳಿದಳು, “ಇಪ್ಪತ್ತು ಬೇಕೇ ಬೇಕಂತ ಹೇಳ್ತಿದ್ದಾರೆ. ಹೌದಾ ಮೇಡಂ? ಯಾರು ಮಾಡಿದ ರೂಲು ಅದು?”

ನಾನು ಮಾತು ಹಾರಿಸಿದೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಗಂಡ ದುಬೈಯ ರಾಸ್ ಅಲ್ ಖೋರ್‌ನಲ್ಲಿ ಹಳೇ ಕಾರುಗಳ ಬಿಡಿಭಾಗದ ಅಂಗಡಿಯಲ್ಲಿದ್ದ. ಅವನ ಕೆಲಸಕ್ಕೆ ಫ್ಯಾಮಿಲಿ ವೀಸಾ ಸಿಗುವಂತಿರಲಿಲ್ಲ. ಮೂರು ವರ್ಷದ ಮಗಳು ಕಾರ್ಕಳದಲ್ಲಿ ಅಜ್ಜಿಯ ಹತ್ತಿರ. ಇವಳಿಗೆ ಆಸ್ಪತ್ರೆಯಲ್ಲಿ ಕಾಯಂ ಆದರೆ ಇವಳ ಹೆಸರಿನಲ್ಲೇ ಮಗಳಿಗೆ ವೀಸಾ ಮಾಡಿಸಬಹುದು ಎಂದು ಆಸ್ಪತ್ರೆಯ ವೀಸಾ ಕೆಲಸ ನೋಡುವ ಪಿಆರ್‌ಒ ಹೇಳಿದ್ದನಂತೆ.

“ಫೋನ್ ಮಾಡಿದ್ರೆ ಮಾತಾಡುದಿಲ್ಲ ಅವಳು. ನನ್ನ ದನಿ ಕೇಳಿದ ಕೂಡ್ಲೇ ಓಡ್ತಾಳಂತೆ,” ಎಂದು ನಕ್ಕಳು. “ಇಲ್ಲಿ ಬಂದ ಮೇಲೆ ಎಲ್ಲಿಗೆ ಓಡುದು, ನೋಡುವ.”

ನನಗೆ ಅವಳು ಇಷ್ಟವಾದಳು. ಇಷ್ಟವಾದವರನ್ನು ಉಳಿಸುವ ತಾಕತ್ತು ನನಗಿದೆ ಎಂದು ಆಗ ನಂಬಿದ್ದೆ.

ಮತ್ತೊಂದು ಸಲ ಹೋದಾಗ ರಿಜಿಸ್ಟರ್ ಇರಲಿಲ್ಲ. ಹಳೆಯ ರಿಜಿಸ್ಟರ್‌ಗಳನ್ನೆಲ್ಲ ಗೋದಾಮಿಗೆ ಕಳಿಸಿದ್ದೇವೆ ಎಂದರು ಮುಖ್ಯಸ್ಥರು, ಮೇಜು ತಟ್ಟದೆ. ಗೋದಾಮು ಇದ್ದದ್ದು ದುಬೈಯಲ್ಲೇ, ರಾಸ್ ಅಲ್ ಖೋರ್‌ನಲ್ಲಿ. ಮರುದಿನವೇ ಅಲ್ಲಿಗೆ ಹೋದೆ. ಗ್ಯಾರೇಜುಗಳ ಸಾಲಿನ ಹಿಂದೆ ತಗಡಿನ ಶೆಡ್ಡು. ಒಳಗೆ ಮುರಿದ ಮಂಚಗಳು, ಎಕ್ಸ್‌ರೇ ಮೇಜು, ಸೂರು ಮುಟ್ಟುವಷ್ಟು ರಟ್ಟಿನ ಡಬ್ಬಗಳು. ಸ್ಟೋರ್‌ಕೀಪರ್ ಪಠಾಣ ಮುದುಕ. ಅಬುಧಾಬಿಯಿಂದ ಬಂದದ್ದು ತೋರಿಸು ಎಂದರೆ ಎರಡೂ ಕೈ ಕೊಡವಿದ.

“ಮಾಫಿ ಮೇಡಂ, ಏನೂ ಇಲ್ಲ. ಅಬುಧಾಬಿ ಮಾಫಿ. ಒಂದು ತಿಂಗಳಿಂದ ಗಾಡಿಯೇ ಬಂದಿಲ್ಲ.”

ಮೈ ಉರಿಯಿತು. ಡೈರೆಕ್ಟರ ಹತ್ತಿರ ಹೋಗಿ, ಲಾಗ್‌ಬುಕ್‌ಗಳು ಸುಳ್ಳು, ರಿಜಿಸ್ಟರ್ ಮುಚ್ಚಿಟ್ಟಿದ್ದಾರೆ ಎಂದೆ. ಅವರು ಎಂದೂ ದನಿ ಏರಿಸದ ಮನುಷ್ಯ. ನಾನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡಿದ್ದ ನಂಬರುಗಳನ್ನು ತೋರಿಸಿದೆ. ಇದು ನಿಮ್ಮ ಕೈಬರಹ, ಸಾಕ್ಷಿ ಅಲ್ಲ, ಒಬ್ಬನೇ ರೋಗಿಗೆ ನಾಲ್ವರೂ ಸರದಿಯಲ್ಲಿ ಯತ್ನಿಸಿರಬಹುದು ಎಂದರು. ಸಾಕ್ಷಿ ಇದ್ದರೆ ವರದಿಗೆ ಲಗತ್ತಿಸಿ, ಇಲ್ಲದಿದ್ದರೆ ಮುಂದಿನ ತಂಡದ ವೀಸಾ ಅರ್ಜಿಗಳಿಗೆ ಈ ತಿಂಗಳೇ ಸಹಿ ಹಾಕುತ್ತೇನೆ ಎಂದರು.

ಸಾಕ್ಷಿ ಒಂದೇ ಉಳಿದಿತ್ತು. ಒಂದೇ ಜಾಗದಲ್ಲಿ, ಒಂದೇ ವರ್ಷ, ಒಂದೇ ಪಾಳಿಯಲ್ಲಿ ದುಡಿದವಳಿಗೆ ಮೂರು ಸಿಕ್ಕಿದ್ದರೆ ಉಳಿದವರಿಗೆ ಇಪ್ಪತ್ತು ಎಲ್ಲಿಂದ ಬಂತು? ಅವಳ ಲಾಗ್‌ಬುಕ್ಕಿನ ಪಕ್ಕ ಉಳಿದ ಏಳನ್ನು ಇಟ್ಟರೆ ಸಾಕು, ಕಾರ್ಯಕ್ರಮ ತಾನಾಗಿ ಬೆತ್ತಲಾಗುತ್ತಿತ್ತು. ಅಂಚಿನಲ್ಲಿದ್ದ ಅವಳ ಮಾತುಗಳು ಇನ್ನೂ ಗಟ್ಟಿ ಸಾಕ್ಷಿ. ಎರಡು ದಿನ ತೂಗಿ ನೋಡಿದೆ. ಈ ಏಳು ಜನ ನಾಳೆ ಒಬ್ಬೊಬ್ಬರೇ ರೋಗಿಯ ತಲೆಯ ಹತ್ತಿರ ನಿಲ್ಲುತ್ತಾರೆ, ಕೊಳವೆ ಹೊಟ್ಟೆಗೆ ಹೋದರೆ ಇವರಿಗೆ ಗೊತ್ತಾದೀತೇ ಎಂಬ ಯೋಚನೆಯೇ ಕೊನೆಗೆ ಗೆದ್ದಿತು. ಆ ಯೋಚನೆಯ ಬೆನ್ನಿಗೇ ಮುಖ್ಯಸ್ಥರ ನಗುವನ್ನು ಒಮ್ಮೆ ಇಳಿಸಬೇಕು ಎಂಬ ಹಟವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಇವತ್ತಿಗೂ ನನಗೆ ತಿಳಿಯದು.

ನಿನ್ನ ಲಾಗ್‌ಬುಕ್ಕಿನ ಪ್ರತಿಯನ್ನು ವರದಿಗೆ ಲಗತ್ತಿಸಲೇ ಎಂದು ಅವಳನ್ನು ಕೇಳಿದೆ. 

“ಹೆಸರು ಬರುದಿಲ್ಲ ಅಲ್ವಾ ಮೇಡಂ?”

“ಬರಲ್ಲ. ನನ್ನ ಮೇಲೆ ಬಿಡು.”

“ನಮ್ಮ ಊರಿನ ಕಡೆಯವ್ರು ನೀವು. ನೀವು ಹೇಳಿದ್ರೆ ಆಯ್ತು.”

ನನ್ನ ಮೈಸೂರಿಗೂ ಅವಳ ಕಾರ್ಕಳಕ್ಕೂ ಎಲ್ಲಿಯ ನಂಟು? ಅಲ್ಲಿದ್ದಾಗ ನಾನು ಕಾರ್ಕಳ ಕಂಡವಳಲ್ಲ. ಇಲ್ಲಿ ಕನ್ನಡ ಮಾತಾಡಿದ್ದೇ ಊರಿನವಳಾಗಿಬಿಟ್ಟೆ, ನಾನೂ ಆಗಿಬಿಟ್ಟೆನೆಂದೇ ನಂಬಿದೆ.

ಲಾಗ್‌ಬುಕ್ ಒಂದು ದಿನದ ಮಟ್ಟಿಗೆ ತಂದು ಜೆರಾಕ್ಸ್ ಮಾಡಿಸಿದೆ. ಎರಡು ಪ್ರತಿ ಮಾಡಿದರೆ ಒಂದು ಎಲ್ಲಾದರೂ ಕೈತಪ್ಪೀತು ಎಂದು ಒಂದೇ ಪ್ರತಿ. ಅಲ್ ನಹ್ದಾದ ನಮ್ಮ ಫ್ಲಾಟಿನಲ್ಲಿ, ಶುಕ್ರವಾರ ಬೆಳಿಗ್ಗೆ, ಊಟದ ಮೇಜಿನ ಮೇಲೆ ಅದನ್ನು ಹರಡಿ ವೈಟ್ನರ್ ಹಿಡಿದು ಕೂತೆ. ಪ್ರತಿ ಪುಟದ ಮೇಲಿದ್ದ ಹೆಸರು, ನೌಕರಿ ನಂಬರು, ಕೆಳಗಿನ ಪುಟ್ಟ ಸಹಿ, ರೋಗಿಗಳ ನಂಬರು, ತಾರೀಕು, ಎಲ್ಲಕ್ಕೂ ಬಿಳಿ ಬಳಿದೆ. ಬೆಳಕಿಗೆ ಹಿಡಿದರೆ ಕಂಡೀತು ಎಂದು ಹಾಳೆ ತಿರುಗಿಸಿ ಹಿಂಬದಿಯಿಂದಲೂ ಬಳಿದೆ. ಒಂದೊಂದನ್ನೂ ಕಿಟಕಿಗೆ ಒತ್ತಿ ಪರೀಕ್ಷಿಸಿದೆ. ಪಟ್ಟಿ ಮೇಡಂ ಕೆಲಸ ಎಂದರೆ ಹಾಗೆ.

ಅಂಚಿನ ಕನ್ನಡವನ್ನು ಮಾತ್ರ ಹಾಗೇ ಬಿಟ್ಟೆ. ಅದೇ ಅಲ್ಲವೇ ಪುಸ್ತಕದ ಜೀವ. ಎರಡು ಸಾಲುಗಳನ್ನು ಇಂಗ್ಲಿಷಿಗೆ ತಂದು ವರದಿಯಲ್ಲೂ ಸೇರಿಸಿದೆ. ವರದಿಯ ಸಭೆಯಲ್ಲಿ ಕನ್ನಡ ಓದುವವರು ನನ್ನ ಹೊರತು ಯಾರೂ ಇಲ್ಲ ಎಂದು ಎರಡೆರಡು ಸಲ ಲೆಕ್ಕ ಹಾಕಿದ್ದೆ.

ನನ್ನ ಎಂಟು ವರ್ಷದ ಮಗಳು ಬಂದು ಹಾಳೆಯೊಂದನ್ನು ಎತ್ತಿಕೊಂಡಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತಿಗೂ ಇಂಗ್ಲಿಷೇ.

“ಮಮ್ಮಾ, ಈಸ್ ದಿಸ್ ಫ್ರಮ್ ಅಜ್ಜಿ?”

“ಅಲ್ಲಮ್ಮ, ಆಫೀಸಿಂದು. ಇಡು ಅಲ್ಲಿ,” ಎಂದೆ. ವೈಟ್ನರ್ ಆರುವುದರೊಳಗೆ ಇನ್ನೊಂದು ಪುಟ ಮುಗಿಸುವ ಆತುರ ನನಗೆ.

ಆ ಪ್ರತಿಯಿಂದ ಮತ್ತೆ ಪ್ರತಿಗಳನ್ನು ತೆಗೆಸಿ ವರದಿಗೆ ಲಗತ್ತಿಸಿದೆ. ಸಭೆ ನಡೆದದ್ದು ಡೈರೆಕ್ಟರ ಕೋಣೆಯಲ್ಲಿ. ಅವರು, ಅಬುಧಾಬಿಯ ಮುಖ್ಯಸ್ಥ, ನರ್ಸಿಂಗ್ ಸೂಪರಿಂಟೆಂಡೆಂಟ್, ನಾನು. ನಾನು ಚೆನ್ನಾಗಿ ಮಾತಾಡಿದೆ. ಕಾರ್ಯಕ್ರಮದಲ್ಲಿ ಕಲಿಸುವವರಿಲ್ಲ, ಸಹಿಗಳು ಕಣ್ಣು ಮುಚ್ಚಿ ಬಿದ್ದವು, ಹೆಸರು ಹೇಳಲಾಗದ ಒಬ್ಬ ಅಭ್ಯರ್ಥಿಯ ಪ್ರಾಮಾಣಿಕ ದಾಖಲೆ ಇಲ್ಲಿದೆ ಎಂದು ಲಗತ್ತು ಹಂಚಿದೆ. ಮುಖ್ಯಸ್ಥರ ಮುಖ ನಿಜವಾಗಿಯೂ ಇಳಿಯಿತು. ಆ ಒಂದು ನಿಮಿಷ ನನಗೆ ಬಹಳ ಸುಖ ಕೊಟ್ಟಿತು.

ಸೂಪರಿಂಟೆಂಡೆಂಟ್ ಕನ್ನಡಕ ಏರಿಸಿಕೊಂಡು ಪುಟ ತಿರುವುತ್ತಿದ್ದರು. ಅಂಚಿನ ಮೇಲೆ ಬೆರಳಿಟ್ಟರು.

“ಇದು ಮಲಯಾಳಂ ಅಲ್ಲ,” ಎಂದರು. ನನ್ನ ಕಡೆ ತಿರುಗಿ, ಗೊತ್ತಿರುವವರು ಸಿಕ್ಕಿದ ಸಂತೋಷದಲ್ಲಿ ನಕ್ಕರು. “ಇದು ಕನ್ನಡ ಅಲ್ವಾ ಡಾಕ್ಟರ್? ನಿಮ್ಮದೇ ಭಾಷೆ! ನಮ್ಮಲ್ಲಿ ಕರ್ನಾಟಕದವಳು ಒಬ್ಬಳೇ ಇರುವುದು.”

ಆಕೆಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಹೇಳಿ ಮುಗಿಸಿದ ಮೇಲೆ ಏನಾಯಿತೆಂದು ತಿಳಿದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಓದಲು ಬಾರದವರಿಗೂ ಅಕ್ಷರ ಯಾರದೆಂದು ಗುರುತು ಸಿಗುತ್ತದೆ. ನನ್ನ ಮಗಳು ಊಟದ ಮೇಜಿನ ಹತ್ತಿರ ನಿಂತು ಅದನ್ನೇ ತೋರಿಸಿಕೊಟ್ಟಿದ್ದಳು. ನನಗೆ ಕನ್ನಡ ಎಂದರೆ ಮನೆಯ ಗೋಡೆಯಿದ್ದ ಹಾಗೆ, ಅದು ಕಣ್ಣಿಗೇ ಬೀಳುವುದಿಲ್ಲ.

ಮುಖ್ಯಸ್ಥರ ಬಣ್ಣ ಮರಳಿತು. ಮೇಜು ತಟ್ಟಿದರು.

“ಹಾಗಾದರೆ ಇದು ಒಬ್ಬಳ ಪುಸ್ತಕ. ಅವಳು ಮೂರೇ ಮಾಡಿದ್ದಾಳೆ. ಉಳಿದ ಏಳು ಜನ ಇಪ್ಪತ್ತಕ್ಕಿಂತ ಹೆಚ್ಚು ಮಾಡಿದ್ದಾರೆ. ದೋಷ ಕಾರ್ಯಕ್ರಮದ್ದೋ ಹುಡುಗಿಯದೋ?”

“ಆ ಏಳೂ ಸುಳ್ಳು!” ನನ್ನ ದನಿ ಕಾರಿಡಾರಿಗೆ ಕೇಳಿಸಿರಬೇಕು. “ರಿಜಿಸ್ಟರ್ ತನ್ನಿ, ತೋರಿಸುತ್ತೇನೆ.”

“ಗೋದಾಮಿನಲ್ಲಿದೆ ಎಂದು ಹೇಳಿದೆನಲ್ಲ.”

ಅಲ್ಲಿ ಹೋಗಿ ನೋಡಿದ್ದೇನೆ ಎಂದು ನಾನು ಹೇಳುವುದರೊಳಗೆ ಡೈರೆಕ್ಟರು ಇಬ್ಬರನ್ನೂ ಸುಮ್ಮನಿರಿಸಿದರು. ತಮ್ಮ ಕಡತದಿಂದ ಒಂದು ಹಾಳೆ ತೆಗೆದರು. ನನ್ನ ಪಟ್ಟಿ.

“ಕನಿಷ್ಠ ಇಪ್ಪತ್ತು. ಇದು ನೀವು ಬರೆದದ್ದಲ್ಲವೇ ಡಾಕ್ಟರ್?”

“ಹೌದು.”

“ಈ ಅಭ್ಯರ್ಥಿ ಮುಟ್ಟಿದ್ದಾಳೆಯೇ?”

“ಇಲ್ಲ. ಆದರೆ...”

“ಖಲಾಸ್,” ಎಂದರು. ಬೇರೆಯವರ ಬಾಯಲ್ಲಿ ತಮಾಷೆಯಾಗಿ ಕೇಳುವ ಮಾತು ಅದು.

ಮೂರನೆಯ ದಿನ ನನ್ನ ಮೇಜಿಗೆ ಒಂದು ಫಾರಂ ಬಂತು. ತರಬೇತಿ ಅಪೂರ್ಣ, ಕಾರಣ ಕನಿಷ್ಠ ಸಂಖ್ಯೆ ಮುಟ್ಟಿಲ್ಲ. ಮೌಲ್ಯಮಾಪಕರ ಸಹಿಗೆ ಜಾಗ ಬಿಟ್ಟಿದ್ದರು. ಎರಡು ದಿನ ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡೆ. ಡೈರೆಕ್ಟರು ಕರೆಸಿದರು. ಫಾರಂನಲ್ಲಿ ಬರೆದದ್ದರಲ್ಲಿ ಯಾವುದಾದರೂ ಸುಳ್ಳಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ತೊಂದರೆ ಏನು ಎಂದರು. ನನ್ನ ಕಾಂಟ್ರಾಕ್ಟಿನ ನವೀಕರಣದ ಕಾಗದವೂ ಅದೇ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ ಇತ್ತು. ಅದನ್ನು ಅವರು ತೋರಿಸಲಿಲ್ಲ, ಮುಚ್ಚಲೂ ಇಲ್ಲ.

ಸಹಿ ಹಾಕಿದೆ. ಬೇರೆ ಯಾರೋ ಹಾಕಿದರು ಎಂದು ಬರೆಯುವ ಆಸೆಯಾಗುತ್ತದೆ. ಹಾಕಿದ್ದು ನಾನೇ. ಏಳು ಸುಳ್ಳು ಪುಸ್ತಕಗಳು ಪಾಸಾದವು. ನನ್ನ ವರದಿಯನ್ನು ‘ಉಪಯುಕ್ತ ಸಲಹೆಗಳೊಂದಿಗೆ’ ಒಪ್ಪಿಕೊಂಡರು. ಒಳ್ಳೆಯ ತರಬೇತಿ ಕೊಡುವ ಜಾಗ ಎಂದು ಅಬುಧಾಬಿಗೇ ಮುಂದಿನ ತಂಡ ಹೋಯಿತು.

ಅವಳ ವೀಸಾ ಕ್ಯಾನ್ಸಲ್ ಆಯಿತು. ಮೂವತ್ತು ದಿನದಲ್ಲಿ ದೇಶ ಬಿಡಬೇಕು. ನಾನು ಫೋನ್ ಮಾಡಲಿಲ್ಲ. ಏನೆಂದು ಮಾಡುವುದು? ಅವಳಿಗೆ ನನ್ನ ಮನೆ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಲ್ ನಹ್ದಾದಲ್ಲಿ ಕನ್ನಡದವರ ಮನೆ ಹುಡುಕುವುದು ಎಷ್ಟರ ಕೆಲಸ? ಅವಳು ಹೊರಡುವ ಹಿಂದಿನ ಶುಕ್ರವಾರ ಬೆಳಿಗ್ಗೆ ಬೆಲ್ ಆಯಿತು. ಮಗಳು ಬಾಗಿಲು ತೆಗೆದು, “ಮಮ್ಮಾ, ಸಮ್ ಆಂಟಿ,” ಎಂದು ಕೂಗಿದಳು.

ಒಳಗೆ ಬಾ ಎಂದರೆ ಬರಲಿಲ್ಲ. ಕೆಳಗೆ ಗಂಡ ಪಿಕಪ್‌ನಲ್ಲಿ ಕಾಯುತ್ತಿದ್ದಾನೆ, ಅಂಗಡಿಯ ಗಾಡಿ, ಹೆಚ್ಚು ಹೊತ್ತು ನಿಲ್ಲಿಸುವ ಹಾಗಿಲ್ಲ ಎಂದಳು. ಬಾಗಿಲಲ್ಲೇ ನಿಂತು ನನ್ನ ಮಗಳನ್ನು ನೋಡಿದಳು. ಕಾಲಿನಿಂದ ತಲೆಯವರೆಗೆ, ನಿಧಾನವಾಗಿ. ಮಗಳು ನಾಚಿ ಒಳಗೆ ಓಡಿದಳು.

“ಮೇಡಂ, ಒಂದು ಉಪಕಾರ ಆಗ್ಬೇಕಿತ್ತು,” ಎಂದಳು. “ಮಂಗ್ಳೂರಲ್ಲಿ ಹಳೇ ಆಸ್ಪತ್ರೆಯಲ್ಲಿ ಕೇಳಿದೆ. ಎಮರ್ಜೆನ್ಸಿಯಲ್ಲಿ ಒಂದು ಜಾಗ ಉಂಟಂತೆ. ಒಂದು ವರ್ಷ ಎಂತ ಕಲ್ತದ್ದು ಅಂತ ದಾಖಲೆ ತೋರಿಸ್ಬೇಕು. ಲಾಗ್‌ಬುಕ್ ಆಸ್ಪತ್ರೆಯದ್ದು ಅಂತ ಇವ್ರು ಇಟ್ಕೊಂಡ್ರು. ನಿಮ್ಮ ಹತ್ರ ಜೆರಾಕ್ಸ್ ಉಂಟಲ್ಲ?”

ಮೂರು ಕೊಳವೆ ಇರಬಹುದು. ಆದರೆ ನೂರಾರು ಹೊಲಿಗೆ, ಮೂಳೆ, ಸುಟ್ಟ ಗಾಯ, ಎಲ್ಲ ಅವಳೇ ಕೈಯಾರೆ ಮಾಡಿದ್ದು ಅದರಲ್ಲಿತ್ತು. ನಾನು ಒಳಗೆ ಹೋಗಿ ಬೀರುವಿನಿಂದ ಪ್ರತಿ ತೆಗೆದೆ. ಮೇಲಿನ ಹಾಳೆ ಕಂಡಾಗಲೇ ನನ್ನ ವೈಟ್ನರ್ ನೆನಪಾಯಿತು. ಕೊಡದೆ ಬೇರೆ ದಾರಿ ಇರಲಿಲ್ಲ, ಕೊಟ್ಟೆ.

ಅವಳು ಬಾಗಿಲಲ್ಲೇ ನಿಂತು ಒಂದೊಂದೇ ಪುಟ ತಿರುವಿದಳು. ಪ್ರತಿ ಪುಟದ ಮೇಲೂ ಹೆಸರಿನ ಜಾಗದಲ್ಲಿ ಬಿಳಿ ಚೌಕ, ತಾರೀಕಿನ ಜಾಗದಲ್ಲಿ ಬಿಳಿ ಚೌಕ, ಸಹಿಯ ಜಾಗದಲ್ಲಿ ಬಿಳಿ ಚೌಕ.

“ನಾನು ಒಂದು ಪತ್ರ ಬರೆದುಕೊಡ್ತೀನಿ,” ಎಂದೆ. “ಇದು ನಿನ್ನದೇ ಅಂತ, ನೀನು ಒಳ್ಳೆ ಕೆಲಸಗಾತಿ ಅಂತ. ನನ್ನ ಸಹಿ, ಸೀಲು ಎಲ್ಲ ಹಾಕಿ.”

“ನಿಮ್ಮ ಸಹಿ ಆಗ್ಲೇ ಒಂದು ಕಾಗದದಲ್ಲಿ ಉಂಟು ಮೇಡಂ. ಅದನ್ನೂ ತೋರಿಸ್ಬೇಕಾಗ್ತದೆ ಅಲ್ಲಿ. ಎರಡರಲ್ಲಿ ಅವ್ರು ಯಾವುದು ನಂಬುದು?”

 ಅವಳು ಒಂದು ಹಾಳೆಯನ್ನು ಎತ್ತಿ ಕಾರಿಡಾರಿನ ಕಿಟಕಿಯ ಬಿಸಿಲಿಗೆ ಹಿಡಿದಳು. ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಒಳಗಿನ ಕಿಟಕಿಯ ಹತ್ತಿರ ನಾನೂ ಹಾಗೇ ನಿಂತು ನೋಡಿದ್ದೆ.

“ಹೆಸರು ಭಾರೀ ಚೆಂದ ಅಳಿಸಿದ್ದೀರಿ ಮೇಡಂ,” ಎಂದಳು. “ಬೆಳಕಿಗೆ ಹಿಡಿದ್ರೂ ಕಾಣುದಿಲ್ಲ.”

ಹಾಳೆಗಳನ್ನು ಅಂಚು ಸರಿಮಾಡಿ ನನ್ನ ಕೈಗೇ ಕೊಟ್ಟು, ಲಿಫ್ಟಿನ ಗುಂಡಿ ಒತ್ತಿದಳು.